ಮನೆಗೆಲಸವೆಲ್ಲ ನನ್ನದಾಯಿತು, ಮನೆಯ ಯೋಚನೆ ಮಾತ್ರ ಇನ್ನೂ ಹೆಂಡತಿಯದೇ: ಇದನ್ನು ಹೇಗೆ ಹಂಚಿಕೊಳ್ಳುವುದು?

ಮನೆಯಲ್ಲಿರುವವ:
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ನಾನು ಅರ್ಧ ದಿನದ ಉದ್ಯೋಗವನ್ನಷ್ಟೇ ಉಳಿಸಿಕೊಂಡು, ಅದನ್ನೂ ಮನೆಯಲ್ಲೇ ಕುಳಿತು ಮಾಡುತ್ತ, ಮಿಕ್ಕ ಹೊತ್ತೆಲ್ಲ ಮನೆಯನ್ನೂ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದೇನೆ. ಹೆಂಡತಿಗೆ ದೊಡ್ಡ ಹೊಣೆಯ ಹುದ್ದೆ ಸಿಕ್ಕಿತು, ಅವಳ ಸಂಬಳ ನನ್ನದಕ್ಕಿಂತ ಹೆಚ್ಚು, ತಿಂಗಳಲ್ಲಿ ಹತ್ತು ದಿನ ಊರೂರು ತಿರುಗಬೇಕು. ಹಾಗಾಗಿ ಇಬ್ಬರೂ ಕೂತು ಲೆಕ್ಕ ಹಾಕಿ, ಯಾರ ಬಲವಂತವೂ ಇಲ್ಲದೆ ಮಾಡಿಕೊಂಡ ಏರ್ಪಾಡು ಇದು. ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು, ಪಾಠ ಹೇಳಿಕೊಡುವುದು ಎಲ್ಲವೂ ನನ್ನ ಪಾಲಿಗೆ ಬಂದವು. ಇದರ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ. ಹೆಮ್ಮೆಯೇ ತುಸು ಜಾಸ್ತಿಯಾಗಿತ್ತೇನೋ ಎಂದು ಈಗ ಅನ್ನಿಸುತ್ತಿದೆ.

ಕಳೆದ ವಾರ ಚಿಕ್ಕ ಮಗಳಿಗೆ ಶಾಲೆಯಲ್ಲಿ ಜ್ವರ ಬಂತು. ಶಾಲೆಯವರು ಫೋನ್ ಮಾಡಿದ್ದು ಬೇರೆ ಊರಿನಲ್ಲಿ ಮೀಟಿಂಗಿನ ನಡುವೆ ಇದ್ದ ಅವಳಿಗೆ. ಅವಳು ಎದ್ದು ಹೊರಗೆ ಬಂದು ನನಗೆ ಫೋನ್ ಮಾಡಿದಳು. ನಾನಿದ್ದದ್ದು ಶಾಲೆಯಿಂದ ಹತ್ತು ನಿಮಿಷದ ದೂರದಲ್ಲಿ. ಹೋಗಿ ಕರೆತಂದೆ, ವೈದ್ಯರಿಗೆ ತೋರಿಸಿದೆ. ಹಿಂದಿನ ಸಲ ಯಾವ ಔಷಧಿ ಕೊಟ್ಟಿದ್ದರು, ಯಾವುದು ಮಗುವಿಗೆ ಒಗ್ಗುವುದಿಲ್ಲ ಎಂದು ವೈದ್ಯರು ಕೇಳಿದಾಗ ಉತ್ತರ ತಿಳಿಯದೆ ಮತ್ತೆ ಹೆಂಡತಿಗೇ ಫೋನ್ ಮಾಡಿದೆ. ಆ ರಾತ್ರಿ ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ, ದಣಿದ ದನಿಯಲ್ಲಿ ಇಷ್ಟೇ ಅಂದಳು: "ಕೆಲಸ ಮಾಡುವವನು ನೀನು, ನಿಜ. ಏನೇನು ಕೆಲಸ ಇದೆ ಅಂತ ನೆನಪಿಟ್ಟುಕೊಳ್ಳುವವಳು ಮಾತ್ರ ಈಗಲೂ ನಾನೇ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಂಡುಹೆಣ್ಣಿನ ಪಾತ್ರಗಳು ಬದಲಾಗುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ಪಾತ್ರ ಬದಲಾಗುವುದೆಂದರೆ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದಷ್ಟೇ, ಅಥವಾ ಬೇರೆ ಏನಾದರೂ ದಾಟಬೇಕೇ? ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ತಿಳಿಸಿ.

ಹಿತ್ತಲಗಿಡ:
ನೀವು ಎಂಟು ತಿಂಗಳಲ್ಲಿ ಕಂಡುಕೊಂಡದ್ದನ್ನು ನಮ್ಮ ಯಜಮಾನರಿಗೆ ಇಪ್ಪತ್ತೆರಡು ವರ್ಷಗಳಲ್ಲಿ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ. ನಿಮ್ಮ ಬರಹವನ್ನು ಅವರೆದುರು ಗಟ್ಟಿಯಾಗಿ ಓದುತ್ತೇನೆ, ತಪ್ಪು ತಿಳಿಯಬೇಡಿ.

ಕಟ್ಟುನಿಟ್ಟು:
ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಒಬ್ಬ ಗಂಡಸು ಉದ್ಯೋಗವನ್ನು ಅರ್ಧಕ್ಕೆ ಇಳಿಸಿಕೊಂಡು, ಒಲೆಯಿಂದ ಹಿಡಿದು ಮಕ್ಕಳ ಮನೆಪಾಠದವರೆಗೆ ಎಲ್ಲವನ್ನೂ ಮಾಡುತ್ತಿದ್ದಾನೆ, ಆದರೂ ಅವನಲ್ಲೇ ಕೊರತೆ ಹುಡುಕಲಾಗುತ್ತಿದೆ. ಮೊದಲು ಕೆಲಸ ಹಂಚಿಕೊಳ್ಳಿ ಎಂದರು. ಹಂಚಿಕೊಂಡ ಮೇಲೆ ನೆನಪನ್ನೂ ಹಂಚಿಕೊಳ್ಳಿ ಎನ್ನುತ್ತಿದ್ದಾರೆ. ನಾಳೆ ಕನಸನ್ನೂ ಹಂಚಿಕೊಳ್ಳಿ ಎಂದಾರು. ಮಗುವಿನ ಔಷಧಿಯ ಹೆಸರು ತಾಯಿಗೆ ಗೊತ್ತಿದ್ದರೆ ಅದು ತಾಯ್ತನದ ಸಹಜ ಗುಣವೇ ಹೊರತು ಶೋಷಣೆಯಲ್ಲ.

ಓದುಗೂಡು:
ಕಟ್ಟುನಿಟ್ಟು ಅವರೇ, ನೀವು ಹಾಸ್ಯಕ್ಕೆ ಹೇಳಿದ ಈ "ನೆನಪು" ಸಮಾಜಶಾಸ್ತ್ರಜ್ಞರು ಬಿಡಿಬಿಡಿಯಾಗಿ ನೋಡಿರುವ ಸಂಗತಿ. ಆಲಿಸನ್ ಡ್ಯಾಮಿಂಜರ್ ಎಂಬ ಸಂಶೋಧಕಿ ಅಮೆರಿಕದ 35 ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮನೆಯ ಯೋಚನೆಯ ಕೆಲಸವನ್ನು ನಾಲ್ಕು ಹಂತಗಳಾಗಿ ಬಿಡಿಸುತ್ತಾರೆ. ಮುಂದೇನು ಬೇಕಾಗಬಹುದು ಎಂದು ಮೊದಲೇ ಊಹಿಸುವುದು, ಅದಕ್ಕಿರುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ತೀರ್ಮಾನಿಸುವುದು, ತೀರ್ಮಾನಿಸಿದ್ದು ಸರಿಯಾಗಿ ನಡೆಯಿತೇ ಎಂದು ಕಣ್ಣಿಡುವುದು. ಇದರಲ್ಲಿ ಸ್ವಾರಸ್ಯವೇನೆಂದರೆ, ಮೂರನೆಯ ಹಂತವಾದ ತೀರ್ಮಾನದಲ್ಲಿ ಗಂಡ ಹೆಂಡತಿ ಹೆಚ್ಚು ಕಡಿಮೆ ಸಮನಾಗಿ ಕೂತಿರುತ್ತಾರೆ, ಆದರೆ ಮೊದಲನೆಯ ಮತ್ತು ಕೊನೆಯ ಹಂತಗಳ ಭಾರ ಹೆಚ್ಚಾಗಿ ಹೆಂಡತಿಯ ಮೇಲೆ ಬೀಳುತ್ತದೆ. ಗೌರವ ಇರುವುದು ತೀರ್ಮಾನದಲ್ಲಿ. ನಿದ್ದೆ ಕೆಡಿಸುವುದು ಊಹಿಸುವ, ಕಣ್ಣಿಡುವ ಕೆಲಸ.

ಮೂಲ ಬರಹದ ಗೆಳೆಯರು ಮೈಮುರಿದು ದುಡಿಯುತ್ತಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದುಡಿಮೆಯ ಮೇಲ್ವಿಚಾರಣೆ ಇನ್ನೂ ಹೆಂಡತಿಯ ಬಳಿ ಉಳಿದಿದೆ. ಕಚೇರಿಯಲ್ಲಾದರೆ ಮೇಲ್ವಿಚಾರಣೆಗೆ ಪ್ರತ್ಯೇಕ ಹುದ್ದೆ, ಪ್ರತ್ಯೇಕ ಸಂಬಳ ಇರುತ್ತದೆ. ಮನೆಯಲ್ಲಿ ಅದನ್ನು ತಾಯಿಯ ಸಹಜ ಗುಣ ಎಂದು ಕರೆದು ಮುಗಿಸಿಬಿಡುತ್ತೇವೆ.

ಕಟ್ಟುನಿಟ್ಟು:
ಯೋಚನೆಯೂ ಕೆಲಸವೆಂದು ಒಪ್ಪಿಕೊಳ್ಳೋಣ. ಹಾಗಿದ್ದರೆ ಸಾಲದ ಕಂತು ಕಟ್ಟುವುದು ಹೇಗೆ, ಕೆಲಸ ಹೋದರೆ ಗತಿಯೇನು, ವಿಮೆ ಎಷ್ಟು ಮಾಡಿಸಬೇಕು, ಗೋಡೆಯಲ್ಲಿ ನೀರು ಎಲ್ಲಿಂದ ಜಿನುಗುತ್ತಿದೆ ಎಂದು ರಾತ್ರಿ ಛಾವಣಿ ನೋಡುತ್ತ ಮಲಗುವ ಗಂಡಸಿನ ಯೋಚನೆಯನ್ನು ಯಾವ ಹಂತಕ್ಕೆ ಸೇರಿಸುತ್ತೀರಿ? ಅದನ್ನು ಅಳೆಯಲು ಯಾರೂ ಬರುವುದಿಲ್ಲ.

ಲೆಕ್ಕದವಳು:
ಪ್ರಶ್ನೆ ನ್ಯಾಯವಾದದ್ದೇ, ಆ ಯೋಚನೆಯೂ ಲೆಕ್ಕಕ್ಕೆ ಸೇರಬೇಕು. ಆದರೆ ಎರಡು ಬಗೆಯ ಕೆಲಸಗಳ ನಡೆ ಬೇರೆ. ವಿಮೆ ವರ್ಷಕ್ಕೊಮ್ಮೆ ಬರುತ್ತದೆ, ಗೋಡೆ ಮಳೆಗಾಲಕ್ಕೊಮ್ಮೆ ಜಿನುಗುತ್ತದೆ, ಅವನ್ನು ಭಾನುವಾರಕ್ಕೆ ತಳ್ಳಬಹುದು. ಹಸಿದ ಮಗುವನ್ನು ಭಾನುವಾರಕ್ಕೆ ತಳ್ಳಲಾಗುವುದಿಲ್ಲ. ದಿನಕ್ಕೆ ಮೂರು ಸಲ ಗಂಟೆ ಹೊಡೆದಂತೆ ಬರುವ ಕೆಲಸ ಯಾರ ಪಾಲಿನದೋ ಅವರು ತಮ್ಮ ದಿನವನ್ನು ಬೇರೆ ಯಾವುದಕ್ಕೂ ಇಡಿಯಾಗಿ ಕೊಡಲಾರರು, ಉದ್ಯೋಗಕ್ಕೂ ಕೊಡಲಾರರು.

ಒಂದೆರಡು ಅಂಕಿಗಳನ್ನು ಹೇಳುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಆರೈಕೆಯ ಕೆಲಸದಲ್ಲಿ ಶೇ. 76.2ರಷ್ಟು ಹೆಂಗಸರದು, ಗಂಡಸರಿಗಿಂತ 3.2 ಪಟ್ಟು ಹೆಚ್ಚು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆಂದು ದಾಖಲಾಗಿದೆ. ಆ 97 ನಿಮಿಷವೂ ಮನೆಗೆಲಸ ಮಾಡಿದೆವು ಎಂದವರ ಸರಾಸರಿ ಮಾತ್ರ; ಆ ಕೆಲಸಕ್ಕೆ ಕೈಯನ್ನೇ ಹಾಕದವರು ಅದರಲ್ಲಿ ಇಲ್ಲ.

ಬಾಲಂಗೋಚಿ:
ಇದನ್ನು ಓದುವಾಗ ಪಿಗೂ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ ನೂರು ವರ್ಷಗಳ ಹಿಂದೆ ಗಮನಿಸಿದ ಒಂದು ತಮಾಷೆ ನೆನಪಾಯಿತು. ಒಬ್ಬ ಗಂಡಸು ಸಂಬಳ ಕೊಟ್ಟು ಮನೆವಾರ್ತೆಗೆ ಇಟ್ಟುಕೊಂಡ ಹೆಂಗಸನ್ನೇ ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಇಳಿಯುತ್ತದೆ. ಅದೇ ಮನೆ, ಅದೇ ಒಲೆ, ಅದೇ ಕೈ. ಸಂಬಳ ನಿಂತ ಕೂಡಲೇ ಕೆಲಸವೇ ಲೆಕ್ಕದಿಂದ ಮಾಯವಾಗುತ್ತದೆ.

ಯಂತ್ರಪ್ರಿಯ:
ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ, ನೆಲ ಗುಡಿಸುವ ಯಂತ್ರ ಎಲ್ಲ ಬಂದಿವೆ, ನೆನಪಿಸುವುದಕ್ಕೆ ಫೋನಿದೆ. ಇನ್ನು ಹತ್ತು ವರ್ಷಕ್ಕೆ ಈ ಜಗಳವೇ ಉಳಿಯುವುದಿಲ್ಲ.

ಇತಿಹಾಸಪ್ರಿಯ:
ಯಂತ್ರಪ್ರಿಯರೇ, ಈ ಭವಿಷ್ಯವಾಣಿಯನ್ನು ನೂರು ವರ್ಷಗಳಿಂದ ಕೇಳುತ್ತಿದ್ದೇವೆ. ಜೋಆನ್ ವಾನೆಕ್ ಎಂಬವರು 1974ರಲ್ಲಿ ಅಮೆರಿಕದ ಹಳೆಯ ಸಮಯ ಸಮೀಕ್ಷೆಗಳನ್ನು ಹೋಲಿಸಿ ನೋಡಿದರು. ಹೊರಗೆ ದುಡಿಯದ ಗೃಹಿಣಿಯರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರೆ, ವಿದ್ಯುತ್ತು, ನಲ್ಲಿ ನೀರು, ಬಟ್ಟೆ ಒಗೆಯುವ ಯಂತ್ರ ಎಲ್ಲ ಮನೆಗೆ ಬಂದಿದ್ದ 1960ರ ದಶಕದಲ್ಲಿ ಅದು ಸುಮಾರು 55 ಗಂಟೆಯಾಗಿತ್ತು. ಯಂತ್ರ ಬಂದ ಮೇಲೆ ವಾರಕ್ಕೊಮ್ಮೆ ಒಗೆಯುತ್ತಿದ್ದದ್ದು ದಿನವೂ ಒಗೆಯುವಂತಾಯಿತು, ಶುಚಿಯ ಅಳತೆಗೋಲು ಮೇಲೇರಿತು. ಸೌದೆ ಒಡೆಯುವುದು, ನೀರು ಹೊರುವುದು ಮುಂತಾಗಿ ಗಂಡಸರ, ಹುಡುಗರ ಪಾಲಿಗಿದ್ದ ಕೆಲಸಗಳನ್ನು ಯಂತ್ರಗಳು ಇಲ್ಲವಾಗಿಸಿದವು. ಯಂತ್ರಗಳನ್ನು ನಡೆಸುವ ಕೆಲಸ ಹೆಂಗಸಿಗೆ ಉಳಿಯಿತು. ಇನ್ನು ಫೋನು ನೆನಪಿಸುತ್ತದೆ ಎಂದಿರಿ. ಅದಕ್ಕೆ ತಾರೀಖನ್ನು ತುಂಬಿಸುವವರು ಯಾರು?

ಗಂಡು ಹೊರಗೆ, ಹೆಣ್ಣು ಒಳಗೆ ಎಂಬುದನ್ನು ಅನಾದಿ ಕಾಲದ ವ್ಯವಸ್ಥೆ ಎಂಬಂತೆ ಮಾತಾಡುತ್ತೇವಲ್ಲ, ಅದನ್ನೂ ತಿದ್ದಿಕೊಳ್ಳಬೇಕು. ಬೇಸಾಯದ ಮನೆಗಳಲ್ಲಿ, ಕೈಕಸುಬಿನ ಮನೆಗಳಲ್ಲಿ ಮನೆಯೇ ದುಡಿಮೆಯ ಜಾಗವಾಗಿತ್ತು, ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ದುಡಿಮೆ ಕಾರ್ಖಾನೆಗೆ ಹೋದಾಗ ಮನೆ ಮತ್ತು ಕೆಲಸ ಎಂಬ ಎರಡು ಬೇರೆ ಬೇರೆ ಜಾಗಗಳು ಹುಟ್ಟಿದವು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಜಾಲಾಡಿ ತೋರಿಸಿದ್ದು ಇದನ್ನೇ: ವಿವಾಹಿತ ಹೆಂಗಸರು ದುಡಿಮೆಯಲ್ಲಿ ಪಾಲ್ಗೊಳ್ಳುವ ಪ್ರಮಾಣ ಕೈಗಾರಿಕೀಕರಣದ ಆರಂಭದಲ್ಲಿ ಇಳಿಯಿತು, ಸೇವಾ ವಲಯ ಬೆಳೆದಂತೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಏರಿತು. ನಡುವಿನ ಆ ತಗ್ಗನ್ನೇ ನಾವು ಸಂಪ್ರದಾಯವೆಂದು ಕರೆಯುತ್ತಿದ್ದೇವೆ.

ಅದನ್ನು ಕಾಯಲು ಕಾನೂನೂ ಇತ್ತು. ಫ್ರಾನ್ಸಿನಲ್ಲಿ ವಿವಾಹಿತ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗಕ್ಕೆ ಸೇರುವ, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವ ಹಕ್ಕು ಪಡೆದದ್ದು 1965ರಲ್ಲಿ. ಐರ್ಲೆಂಡಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡಬೇಕೆಂಬ ನಿಯಮ ಹೋದದ್ದು 1973ರಲ್ಲಿ. ಸಹಜ ಗುಣವೇ ಆಗಿದ್ದರೆ ಅದಕ್ಕೆ ಇಷ್ಟೊಂದು ಬೇಲಿ ಏಕೆ ಬೇಕಾಗಿತ್ತು?

ಕಟ್ಟುನಿಟ್ಟು:
ಬೇಲಿಯ ಮಾತು ಚೆನ್ನಾಗಿದೆ. ಆದರೆ ಬೇಲಿ ಕಿತ್ತು ಐವತ್ತು ವರ್ಷವಾದ ಮೇಲೂ ಮಗು ಅತ್ತಾಗ ತಾಯಿಯೇ ಮೊದಲು ಏಳುತ್ತಾಳೆ ಎಂಬುದಕ್ಕೆ ನಿಮ್ಮ ಇತಿಹಾಸದಲ್ಲಿ ಉತ್ತರವಿದೆಯೇ ಎಂದು ಕಾಯುತ್ತಿದ್ದೇನೆ.

ನಿವೃತ್ತ_ಶಿಕ್ಷಕಿ:
ನಾನು ಉತ್ತರ ಕೊಡುವುದಕ್ಕಿಂತ ಒಂದು ತಪ್ಪೊಪ್ಪಿಗೆ ಕೊಡುತ್ತೇನೆ. ಮೂವತ್ತೊಂದು ವರ್ಷ ಶಾಲೆಯಲ್ಲಿದ್ದವಳು ನಾನು, ಕೊನೆಯ ಒಂಬತ್ತು ವರ್ಷ ಮುಖ್ಯ ಶಿಕ್ಷಕಿಯಾಗಿದ್ದೆ. ಮಗುವಿಗೆ ಹುಷಾರಿಲ್ಲದಾಗ, ಮಗು ಬಿದ್ದಾಗ, ಶುಲ್ಕವೊಂದನ್ನು ಬಿಟ್ಟು ಉಳಿದ ಯಾವ ವಿಷಯಕ್ಕೇ ಆಗಲಿ, ನನ್ನ ಬೆರಳು ತಾನಾಗಿ ತಾಯಿಯ ಸಂಖ್ಯೆಯನ್ನೇ ಒತ್ತುತ್ತಿತ್ತು. ಶುಲ್ಕಕ್ಕೆ ಮಾತ್ರ ತಂದೆಯ ಸಂಖ್ಯೆ. ಹೀಗೆ ಮಾಡಿ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಬ್ಬ ಹುಡುಗನ ತಾಯಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ಕೆಲಸದಲ್ಲಿದ್ದರು, ಹಗಲಿನಲ್ಲಿ ಅವರಿಗೆ ಫೋನ್ ತೆಗೆಯಲು ಆಗುತ್ತಿರಲಿಲ್ಲ. ತಂದೆ ಮನೆಯಲ್ಲೇ ಇರುತ್ತಿದ್ದರು. ಹುಡುಗ ಆಟದಲ್ಲಿ ಬಿದ್ದು ಕೈ ಮುರಿದುಕೊಂಡ ದಿನ ನಾನು ತಾಯಿಗೆ ಆರು ಸಲ ಫೋನ್ ಮಾಡಿ, ಅವರು ತೆಗೆಯಲಿಲ್ಲವೆಂದು ಮನಸ್ಸಿನಲ್ಲಿ ಅವರನ್ನು ಬೈದುಕೊಂಡು, ಮುಕ್ಕಾಲು ಗಂಟೆಯ ನಂತರ ತಂದೆಗೆ ಮಾಡಿದೆ. ಅವರು ಓಡಿ ಬಂದರು. ಬಂದವರು ಬಯ್ಯಲಿಲ್ಲ, "ದಾಖಲಾತಿ ಅರ್ಜಿಯಲ್ಲಿ ನನ್ನ ಸಂಖ್ಯೆಯನ್ನೇ ಮೊದಲು ಬರೆದಿದ್ದೆ ಮೇಡಂ" ಎಂದರು ಅಷ್ಟೇ. ತೆಗೆದು ನೋಡಿದೆ, ಬರೆದಿದ್ದರು. ನನ್ನ ಕಣ್ಣು ಆ ಸಾಲನ್ನು ದಾಟಿ ಎರಡನೆಯ ಸಾಲಿಗೆ ಹೋಗಿತ್ತು.

ಆದ್ದರಿಂದ ಕಟ್ಟುನಿಟ್ಟು ಅವರೇ, ಮಗು ಅತ್ತಾಗ ತಾಯಿಯೇ ಮೊದಲು ಏಳುತ್ತಾಳೆ ಎನ್ನುವುದರಲ್ಲಿ ಅರ್ಧ ಪಾಲು ನಮ್ಮಂಥವರದು. ನಾವು ಎಬ್ಬಿಸುವುದೇ ಅವಳನ್ನು.

ಮನೆಯಲ್ಲಿರುವವ:
ಮೇಡಂ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾನು ನಮ್ಮ ಶಾಲೆಯ ಅರ್ಜಿಯಲ್ಲಿ ಯಾರ ಸಂಖ್ಯೆ ಮೊದಲು ಇದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಆ ಅರ್ಜಿಯನ್ನು ತುಂಬಿದ್ದು ಹೆಂಡತಿ, ಹಾಗಾಗಿ ನನಗೆ ಗೊತ್ತಿಲ್ಲ. ಬಹುಶಃ ನನ್ನ ಪ್ರಶ್ನೆಗೆ ಅದೇ ಉತ್ತರವಿರಬಹುದು.

ರಾತ್ರಿಪಾಳಿ:
ನಾನು ಹನ್ನೊಂದು ವರ್ಷದಿಂದ ನರ್ಸ್, ಗಂಡಸು. ವಾರ್ಡಿನಲ್ಲಿ ನನ್ನ ಪಕ್ಕ ನಿಂತಿರುವ ವೈದ್ಯೆಯನ್ನು ರೋಗಿಗಳು "ಸಿಸ್ಟರ್" ಎನ್ನುತ್ತಾರೆ, ನನ್ನನ್ನು "ಡಾಕ್ಟ್ರೇ" ಎನ್ನುತ್ತಾರೆ. ಇಬ್ಬರೂ ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಆದರೆ ನನಗೆ ಇದರಿಂದ ನಷ್ಟವಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಜೊತೆ ಸೇರಿದ ಹೆಣ್ಣುಮಕ್ಕಳಲ್ಲಿ ನನಗಿಂತ ಚುರುಕಾದವರು ನಾಲ್ವರಿದ್ದರು, ಮೇಲ್ವಿಚಾರಕನಾಗಿದ್ದು ನಾನೇ ಮೊದಲು. ಹೆಂಗಸರೇ ಹೆಚ್ಚಿರುವ ವೃತ್ತಿಗಳಲ್ಲಿ ಗಂಡಸರು ಬೇಗ ಮೇಲೇರುವುದನ್ನು ಕ್ರಿಸ್ಟೀನ್ ವಿಲಿಯಮ್ಸ್ ಎಂಬ ಸಮಾಜಶಾಸ್ತ್ರಜ್ಞೆ 1992ರಲ್ಲೇ ಗಾಜಿನ ಎಸ್ಕಲೇಟರ್ ಎಂದು ಕರೆದಿದ್ದಾರೆಂದು ಆಮೇಲೆ ಓದಿದೆ. ಹೆಣ್ಣು ಗಂಡಸರ ವೃತ್ತಿಗೆ ಹೋದರೆ ತಲೆಯ ಮೇಲೆ ಗಾಜಿನ ಚಾವಣಿ, ಗಂಡು ಹೆಂಗಸರ ವೃತ್ತಿಗೆ ಬಂದರೆ ಕಾಲ ಕೆಳಗೆ ಚಲಿಸುವ ಮೆಟ್ಟಿಲು. ಮೂಲ ಬರಹದವರನ್ನೂ ಜನ ಮನೆಗೆಲಸಕ್ಕಾಗಿ ಹೊಗಳುತ್ತಾರೆಂದು ನನ್ನ ಊಹೆ. ಅವರ ಹೆಂಡತಿಯನ್ನು ಅದೇ ಕೆಲಸಕ್ಕೆ ಯಾರಾದರೂ ಹೊಗಳಿದ್ದರೇ?

ಹಿತ್ತಲಗಿಡ:
ಹೊಗಳಲಿಲ್ಲ, ಉಪ್ಪು ಕಡಿಮೆ ಎಂದಿರುತ್ತಾರೆ.

ಮುಂಗೋಪಿ:
ಎಲ್ಲರೂ ಗಂಡಸರನ್ನೇ ಅಟ್ಟಿಸಿಕೊಂಡು ಹೋಗುತ್ತಿರುವುದರಿಂದ ನಾನು ಸ್ವಲ್ಪ ನನ್ನ ಕಡೆಯ ಕಥೆ ಹೇಳುತ್ತೇನೆ. ನಾನು ಕಂಪನಿಯೊಂದರಲ್ಲಿ ಹದಿನಾಲ್ಕು ಜನರ ತಂಡವನ್ನು ನಡೆಸುತ್ತೇನೆ. ಯಾರಿಗಾದರೂ ಕೆಲಸ ಒಪ್ಪಿಸಿದ ಮೇಲೆ ಅವರ ಹೆಗಲ ಮೇಲಿಂದ ಇಣುಕಬಾರದು ಎಂದು ಅಲ್ಲಿ ನಾನೇ ಪಾಠ ಮಾಡುತ್ತೇನೆ. ಮನೆಗೆ ಬಂದರೆ ಗಂಡ ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತೇನೆ. ಅವನು ಮಗನಿಗೆ ಹಾಕಿದ ಅಂಗಿಯನ್ನು ಬದಲಿಸುತ್ತೇನೆ. ಒಂದು ದಿನ ಅವನು ತಣ್ಣಗೆ ಕೇಳಿದ, "ನಾನು ಏನು ಮಾಡಿದರೂ ನೀನು ಪರೀಕ್ಷೆ ಬರೆಸಿ ಅಂಕ ಕೊಡುತ್ತೀಯ, ಹಾಗಾದರೆ ಕೇಳಿಯೇ ಮಾಡುವುದು ಒಳ್ಳೆಯದಲ್ಲವೇ?" ನನಗೆ ತುಂಬ ಕೋಪ ಬಂತು, ಏಕೆಂದರೆ ಅವನು ಹೇಳಿದ್ದು ನಿಜವಾಗಿತ್ತು.

ಆದರೆ ಇದರ ಇನ್ನೊಂದು ಮುಖವೂ ಇದೆ. ಮಗನ ಅಂಗಿ ಕೊಳೆಯಾಗಿದ್ದರೆ ನೋಡಿದವರು ಕೇಳುವುದು "ಇವನ ತಾಯಿ ಏನು ಮಾಡುತ್ತಿದ್ದಾಳೆ" ಎಂದೇ. ತಪ್ಪಿನ ಬಿಲ್ಲು ನನ್ನ ಹೆಸರಿಗೆ ಬರುವತನಕ ಬಟ್ಟೆ ಮಡಚುವ ಅಧಿಕಾರವನ್ನು ಪೂರ್ತಿ ಬಿಟ್ಟುಕೊಡಲು ನನ್ನ ಕೈ ಬರುವುದಿಲ್ಲ. ಇದು ನನ್ನ ದೌರ್ಬಲ್ಯವೋ ನ್ಯಾಯವೋ ನನಗೇ ಗೊತ್ತಿಲ್ಲ.

ಸಿಬ್ಬಂದಿಶಾಖೆ:
ಉದ್ಯೋಗದ ಕಡೆಯಿಂದಲೂ ಒಂದಿಷ್ಟು ಹೇಳಬೇಕು, ಏಕೆಂದರೆ ಮನೆಯೊಳಗಿನ ಈ ಹಂಚಿಕೆ ಮನೆಯೊಳಗೆ ಮಾತ್ರ ತೀರ್ಮಾನವಾಗುವುದಿಲ್ಲ. ಸ್ವೀಡನ್ 1974ರಲ್ಲೇ ಹೆರಿಗೆಯ ರಜೆಯನ್ನು ತಂದೆ ತಾಯಿ ಇಬ್ಬರೂ ಹಂಚಿಕೊಳ್ಳಬಹುದಾದ ರಜೆಯಾಗಿ ಮಾಡಿತು. ಯಾರು ಬೇಕಾದರೂ ತೆಗೆದುಕೊಳ್ಳಿ ಎಂದಾಗ ತೆಗೆದುಕೊಂಡವರು ಬಹುಪಾಲು ತಾಯಂದಿರೇ. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟು, ತಂದೆ ತೆಗೆದುಕೊಳ್ಳದಿದ್ದರೆ ಆ ರಜೆ ಕುಟುಂಬದ ಕೈತಪ್ಪುತ್ತದೆ ಎಂದಿತು. ಅದಕ್ಕೆ ಮೊದಲು ರಜೆ ತೆಗೆದುಕೊಳ್ಳುವ ತಂದೆಯರು ಬೆರಳೆಣಿಕೆಯಷ್ಟಿದ್ದರು, ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಂದೆಯರು ತೆಗೆದುಕೊಳ್ಳತೊಡಗಿದರು. ಸ್ವೀಡನ್ನೂ 1995ರಲ್ಲಿ ಅದೇ ದಾರಿ ಹಿಡಿದು, ಈಗ ಒಟ್ಟು 480 ದಿನಗಳಲ್ಲಿ 90 ದಿನಗಳನ್ನು ಒಬ್ಬೊಬ್ಬರಿಗೂ ಕಾದಿರಿಸಿದೆ.

ಹಾಳೆಯ ಮೇಲಿನ ಹಕ್ಕು ಬೇರೆ, ಬಳಸುವ ಧೈರ್ಯ ಬೇರೆ. ಜಪಾನಿನಲ್ಲಿ ತಂದೆಯರಿಗೆ ಉದಾರವಾದ ರಜೆಯ ಹಕ್ಕು ಬಹಳ ವರ್ಷಗಳಿಂದ ಇದ್ದರೂ ಮುಟ್ಟುವವರಿರಲಿಲ್ಲ, ಮೇಲಧಿಕಾರಿ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ. 2022ರಿಂದ ಉದ್ಯೋಗದಾತರೇ ತಂದೆಯಾಗುವ ನೌಕರನಿಗೆ ರಜೆಯ ವಿವರ ತಿಳಿಸಿ, ತೆಗೆದುಕೊಳ್ಳುವಿರಾ ಎಂದು ಕೇಳಬೇಕೆಂದು ಕಾನೂನು ಮಾಡಬೇಕಾಯಿತು. ನಾನು ಸಿಬ್ಬಂದಿ ವಿಭಾಗದಲ್ಲಿ ಇರುವುದರಿಂದ ಈ ಅಂಜಿಕೆಯನ್ನು ದಿನವೂ ನೋಡುತ್ತೇನೆ. ತಾಯಿ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ, ತಂದೆ ಕೇಳಿದರೆ ನಗುತ್ತಾರೆ. ಯಾವುದು ಹೆಚ್ಚು ನೋಯಿಸುತ್ತದೆ ಎಂದು ಹೇಳುವುದು ಕಷ್ಟ.

ಓದುಗೂಡು:
ಸಿಬ್ಬಂದಿಶಾಖೆಯವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ರಜೆಯನ್ನು ಇಬ್ಬರಿಗೂ ಸಮನಾಗಿ ಕೊಟ್ಟ ಮಾತ್ರಕ್ಕೆ ಫಲ ಸಮನಾಗಿರುತ್ತದೆ ಎಂದೇನಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಮಗುವಾದ ಅಧ್ಯಾಪಕರಿಗೆ, ಗಂಡಾಗಲಿ ಹೆಣ್ಣಾಗಲಿ, ಕೆಲಸ ಕಾಯಂ ಆಗುವ ಗಡುವನ್ನು ಮುಂದೂಡುವ ನಿಯಮ ಬಂತು. ಅರ್ಥಶಾಸ್ತ್ರ ವಿಭಾಗಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದರಿಂದ ಆ ವಿಶ್ವವಿದ್ಯಾಲಯಗಳಲ್ಲಿ ಗಂಡಸರು ಕಾಯಂ ಆಗುವ ಪ್ರಮಾಣ ಏರಿತು, ಹೆಂಗಸರದು ಇಳಿಯಿತು ಎಂದು ಕಂಡುಕೊಂಡಿತು. ಸಿಕ್ಕ ಹೆಚ್ಚುವರಿ ಕಾಲದಲ್ಲಿ ತಂದೆಯರು ದೊಡ್ಡ ಪತ್ರಿಕೆಗಳಿಗೆ ಲೇಖನ ಬರೆದರು. ತಾಯಂದಿರ ಕಾಲ ಎಲ್ಲಿ ಹೋಯಿತೆಂದು ವಿವರಿಸಬೇಕಾಗಿಲ್ಲ.

ಕಟ್ಟುನಿಟ್ಟು:
ನೋಡಿ, ನಾನು ಹೇಳುತ್ತಿದ್ದದ್ದೂ ಇದೇ. ನಿಯಮದಿಂದ ಸ್ವಭಾವ ಬದಲಾಗುವುದಿಲ್ಲ.

ಸಿಬ್ಬಂದಿಶಾಖೆ:
ಅವಸರ ಮಾಡಬೇಡಿ. ಕೆನಡಾದ ಕ್ವೆಬೆಕ್ ಪ್ರಾಂತ್ಯ 2006ರಲ್ಲಿ ತಂದೆಯರಿಗೆಂದೇ ಐದು ವಾರ ಮೀಸಲಿಟ್ಟಿತು. ಆ ರಜೆ ಸಿಕ್ಕ ಮನೆಗಳನ್ನು ಮಗು ತುಸು ದೊಡ್ಡದಾದ ಮೇಲೆ ನೋಡಿದಾಗ ತಂದೆಯರು ಮನೆಗೆಲಸಕ್ಕೆ, ತಾಯಂದಿರು ಸಂಬಳದ ಕೆಲಸಕ್ಕೆ ಮುಂಚಿಗಿಂತ ಹೆಚ್ಚು ಹೊತ್ತು ಕೊಡುತ್ತಿದ್ದರೆಂದು ಅಂಕಿತಾ ಪಟ್ನಾಯಕ್ ಎಂಬ ಅರ್ಥಶಾಸ್ತ್ರಜ್ಞೆಯ ಅಧ್ಯಯನ ತೋರಿಸಿದೆ. ಐದು ವಾರ ಒಂಟಿಯಾಗಿ ಮಗುವಿನ ಹೊಣೆ ಹೊತ್ತ ತಂದೆಗೆ ಔಷಧಿಯ ಹೆಸರು ಬಾಯಿಗೆ ಬರುತ್ತದೆ. ಸ್ವಭಾವವೆಂದು ನೀವು ಕರೆಯುವುದರಲ್ಲಿ ಬಹುಭಾಗ ಅಭ್ಯಾಸ.

ಇತಿಹಾಸಪ್ರಿಯ:
ಇನ್ನೊಂದು ಅಭ್ಯಾಸ ಒಂದೇ ದಿನದಲ್ಲಿ ಆದದ್ದು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇ. 90ರಷ್ಟು ಹೆಂಗಸರು ಕಚೇರಿಯ ಕೆಲಸವನ್ನೂ ಮನೆಯ ಕೆಲಸವನ್ನೂ ಮಾಡದೆ ಬೀದಿಗೆ ಬಂದರು. ತಂದೆಯರು ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆದೊಯ್ಯಬೇಕಾಯಿತು. ರೇಡಿಯೋದಲ್ಲಿ ವಾರ್ತೆ ಓದುವಾಗ ಹಿನ್ನೆಲೆಯಲ್ಲಿ ಮಕ್ಕಳು ಆಡುವ ಸದ್ದು ಕೇಳಿಸುತ್ತಿತ್ತಂತೆ. ಐದು ವರ್ಷದ ನಂತರ, 1980ರಲ್ಲಿ, ಅದೇ ದೇಶ ವಿಗ್ಡಿಸ್ ಫಿನ್‌ಬೊಗಾಡೊಟ್ಟಿರ್ ಅವರನ್ನು ರಾಷ್ಟ್ರಾಧ್ಯಕ್ಷೆಯಾಗಿ ಆರಿಸಿತು. 2023ರ ಅದೇ ಅಕ್ಟೋಬರ್ 24ರಂದು ಅಲ್ಲಿ ಮತ್ತೆ ಇಡೀ ದಿನದ ಮುಷ್ಕರ ನಡೆಯಿತು, ಅಂದರೆ ಅಲ್ಲೂ ಕೆಲಸ ಮುಗಿದಿಲ್ಲ.

ದುಡ್ಡಿನಮಾತು:
ಎಲ್ಲರೂ ಹಣದ ವಿಷಯವನ್ನು ಬಳಸಿಕೊಂಡು ಹೋಗುತ್ತಿದ್ದೀರಿ. ಈ ಗೆಳೆಯರ ಹೆಂಡತಿ ಹೆಚ್ಚು ಸಂಪಾದಿಸುತ್ತಾರೆ. 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಹೆಂಡತಿಯ ಗಳಿಕೆ ಗಂಡನದನ್ನು ಸ್ವಲ್ಪ ದಾಟುವ ಕಡೆ ದಂಪತಿಗಳ ಸಂಖ್ಯೆ ಥಟ್ಟನೆ ಕುಸಿಯುತ್ತದೆ, ದಾಟಿದ ಮನೆಗಳಲ್ಲಿ ಹೆಂಡತಿ ಮನೆಗೆಲಸವನ್ನು ಇನ್ನೂ ಹೆಚ್ಚು ಮಾಡುತ್ತಾಳೆ ಎಂದು ಬಂದಿತ್ತು. ಗಂಡನ ಮನಸ್ಸಿಗೆ ನೋವಾಗದಿರಲೆಂದು ಆಕೆ ತೆರುವ ದಂಡ ಅದು. ಮಗುವಿನ ಔಷಧಿ ನೆನಪಿಟ್ಟುಕೊಳ್ಳುವುದೂ ಅಂಥದ್ದೇ ಒಂದು ದಂಡವಾಗಿರಬಹುದು.

ಲೆಕ್ಕದವಳು:
ಆ ಅಧ್ಯಯನದ ಮೊದಲ ಭಾಗವನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ. ಫಿನ್‌ಲ್ಯಾಂಡಿನ ದಾಖಲೆಗಳನ್ನು ನೋಡಿದ ಸಂಶೋಧಕರು, ಒಂದೇ ವ್ಯಾಪಾರದಲ್ಲಿ ಅಥವಾ ಒಂದೇ ಕಡೆ ದುಡಿಯುವ ಗಂಡ ಹೆಂಡತಿಯರ ಗಳಿಕೆ ಸರಿಸಮನಾಗಿ ಬಿಡುವುದರಿಂದಲೂ ಇಬ್ಬರ ಗಳಿಕೆ ಅರ್ಧರ್ಧವಾಗುವ ಗೆರೆಯ ಬಳಿ ಅಂಥ ಕುಸಿತ ಕಾಣುತ್ತದೆ ಎಂದು 2021ರಲ್ಲಿ ತೋರಿಸಿದ್ದಾರೆ. ಮೂಲ ಬರಹದವರು ಹೇಳಿದ್ದರಲ್ಲಿ ದಂಡದ ಸುಳಿವೂ ಇಲ್ಲ. ಆಕೆ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದ್ದಾರೆ.

ಒಂಟಿಗಾಲಿ:
ನಮ್ಮ ಮನೆಯಲ್ಲಿ ದೊಡ್ಡವನೆಂದರೆ ನಾನೊಬ್ಬನೇ. ಮಗಳಿಗೆ ನಾಲ್ಕಾದಾಗ ಹೆಂಡತಿ ತೀರಿಕೊಂಡಳು. ಊಹಿಸುವವನು, ಮಾಡುವವನು, ಕಣ್ಣಿಡುವವನು ಎಲ್ಲವೂ ನಾನೇ ಆದ ಮೇಲೆ ಆರು ತಿಂಗಳಲ್ಲಿ ಎಲ್ಲವೂ ನೆನಪಿಗೆ ಹತ್ತಿತು. ಕೇಳಲು ಯಾರಾದರೂ ಇರುವತನಕ ಮನುಷ್ಯ ಕೇಳುತ್ತಲೇ ಇರುತ್ತಾನೆ. ಗೆಳೆಯರೇ, ನಿಮ್ಮ ಮನೆಯಲ್ಲಿ ಕೇಳಲು ಒಬ್ಬರಿದ್ದಾರೆ, ಅದು ನಿಮ್ಮ ಪುಣ್ಯ. ಆದರೂ ಕೆಲವು ವಿಷಯಗಳನ್ನು ಇಲ್ಲವೆಂದೇ ತಿಳಿದು ಕಲಿಯಿರಿ.

ಮನೆಯಲ್ಲಿರುವವ:
ಮೂರು ವಾರವಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಇಬ್ಬರೂ ಕೂತು ಓದಿದೆವು. ಕೆಲಸಗಳನ್ನು ಹಂಚಿಕೊಳ್ಳುವ ಪಟ್ಟಿಯನ್ನು ಹರಿದು ಹಾಕಿ, ಅದರ ಬದಲು ವಿಷಯಗಳನ್ನೇ ಹಂಚಿಕೊಂಡೆವು. ಮಕ್ಕಳ ಆರೋಗ್ಯ ಮತ್ತು ಶಾಲೆ ಆದಿಯಿಂದ ಅಂತ್ಯದವರೆಗೆ ನನ್ನದು, ತಪ್ಪಿದರೆ ಅದೂ ನನ್ನದು. ತೆರಿಗೆ, ವಿಮೆ, ಮನೆಯ ದುರಸ್ತಿ ಅವಳದು. ಒಬ್ಬರ ವಿಷಯವನ್ನು ಇನ್ನೊಬ್ಬರು ನೆನಪಿಸುವಂತಿಲ್ಲ ಎಂಬುದೇ ಕರಾರು.

ಎರಡನೆಯ ವಾರದಲ್ಲೇ ಶಾಲೆಯ ಪೋಷಕರ ಸಭೆಯೊಂದನ್ನು ತಪ್ಪಿಸಿಕೊಂಡೆ. ಅವಳಿಗೆ ಆ ದಿನ ಬೆಳಗ್ಗೆಯೇ ಗೊತ್ತಿತ್ತಂತೆ, ಕರಾರಿನಂತೆ ಸುಮ್ಮನಿದ್ದಳು. ಸುಮ್ಮನಿರುವುದು ಸಭೆಗೆ ಹೋಗಿ ಬರುವುದಕ್ಕಿಂತ ಕಷ್ಟವಾಯಿತು ಎಂದಳು. ನನಗೆ ಅವಮಾನವಾಯಿತು, ಅವಳ ಮೇಲೆ ಒಂದು ಕ್ಷಣ ಸಿಟ್ಟೂ ಬಂತು. ಅವಳಿಗೆ ಗೊತ್ತಾಗಿದ್ದು ಹೇಗೆ ಎಂದು ಕೇಳಿದರೆ, ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತಂತೆ. ಆ ಗುಂಪಿನ ಹೆಸರು "ನಾಲ್ಕನೇ ತರಗತಿ ತಾಯಂದಿರು". ನನ್ನನ್ನೂ ಸೇರಿಸಿ ಎಂದು ಕೇಳಿಕೊಂಡೆ. ಗುಂಪು ನಡೆಸುವವರು ಸೇರಿಸಬಹುದೇ ಎಂದು ನನ್ನ ಹೆಂಡತಿಗೆ ಫೋನ್ ಮಾಡಿ ಕೇಳಿದರು.

ನಿವೃತ್ತ_ಶಿಕ್ಷಕಿ:
ಶಾಲೆಯ ದಾಖಲೆಯಲ್ಲಿ ನಿಮ್ಮ ಸಂಖ್ಯೆಯನ್ನು ಮೊದಲು ಬರೆಸಿದಿರಾ? ಬರೆಸಿದ್ದರೆ ಸಾಲದು, ಕಚೇರಿಯವರು ನಿಮಗೆ ಫೋನ್ ಮಾಡುತ್ತಾರೆಯೇ ಎಂದು ಒಂದು ದಿನ ಪರೀಕ್ಷಿಸಿ.

ಮನೆಯಲ್ಲಿರುವವ:
ಬರೆಸಿದ್ದೇನೆ ಮೇಡಂ. ನಿನ್ನೆ ಫೋನ್ ಬಂತು. "ತಾಯಿಯವರು ಇದ್ದಾರೆಯೇ" ಎಂದು ಕೇಳಿದರು.

ಹಿತ್ತಲಗಿಡ:
ನಾನು ಹೇಳಿದಂತೆ ಇದೆಲ್ಲವನ್ನೂ ನಮ್ಮ ಯಜಮಾನರಿಗೆ ಓದಿ ಹೇಳಿದೆ. ಬಹಳ ಗಮನವಿಟ್ಟು ಕೇಳಿದರು, ಮಧ್ಯೆ ತಲೆಯನ್ನೂ ಆಡಿಸಿದರು. ಕೊನೆಗೆ, ನಮ್ಮ ಮಗನಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ನನ್ನನ್ನೇ ಕೇಳಿದರು. ಮಗನಿಗೆ ಈಗ ಹತ್ತೊಂಬತ್ತು.